ನಳಿಗೆಯಿಲ್ಲದ ಕೋವಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಖಿದಿರ್‌ಪುರದ ಹಡಗುಕಟ್ಟೆಯಲ್ಲಿ, ಡಾಕಿನಲ್ಲಿ, ಕ್ರೇನುಗಳನ್ನೇ ಬಿಚ್ಚಿ ಜೋಡಿಸಿದ ಕೈ ಇದು. ಅಂಗೈಯಗಲದ ಒಂದು ಯಂತ್ರ ನನಗೆ ಯಾವ ಲೆಕ್ಕ?

ಸಂಗತಿ ಇಷ್ಟೇ. ಮಗಳಿಗೆ ಮಗಳು ಹುಟ್ಟಿದಳು. ಮೂಗು ಥೇಟ್ ನನ್ನದೇ! ನಮ್ಮ ಕೊಡಗಿನಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ನನ್ನ ಮೊಮ್ಮಗಳೇನು ಕಡಿಮೆ? ಹಾರಿಸಿಯೇ ತೀರುತ್ತೇನೆ ಅಂದೆ.

"ಹೆಣ್ಣಿಗೆ ಯಾರ ಮನೇಲಿ ಗುಂಡು ಹಾರಿಸಿದಾರೆ?" ಅಂದಳು ನನ್ನಾಕೆ.

"ನಮ್ಮ ಮನೇಲಿ."

ಲೇಕ್ ಗಾರ್ಡನ್ಸ್‌ನ ನಮ್ಮ ಫ್ಲಾಟಿಗೆ ಕೋವಿ ತಂದರೆ ತಾನು ಆಸ್ಪತ್ರೆಯಿಂದ ಬರುವುದೇ ಇಲ್ಲ ಅಂತ ಮಗಳು ಹಟ ಹಿಡಿದಳು. ಕೊನೆಗೆ ರಾಜಿಯಾಯಿತು: ನಳಿಗೆ ಇಲ್ಲ, ಮದ್ದು ಇಲ್ಲ, ಬರೀ ಕಿಡಿ. ಹಳೇ ಕಾಲದ ಚಕಮಕಿ ಕೋವಿ ಕಟ್ಟುವವರಿಗೆ ಅಂತ, ಕಿಡಿ ಹಾರಿಸುವ ಭಾಗವನ್ನಷ್ಟೇ ಹಳೇದರ ಹಾಗೇ ಹೊಸದಾಗಿ ಮಾಡಿ ವಿದೇಶದಲ್ಲಿ ಮಾರುತ್ತಾರಂತೆ. ಅಳಿಯ ವಿಮಾನದ ಪಾರ್ಸೆಲಿನಲ್ಲಿ ಎರಡೇ ದಿನಕ್ಕೆ ತರಿಸಿಕೊಟ್ಟ. ಕುದುರೆ ಅನ್ನುವ ಕೊಕ್ಕೆಯನ್ನು ಎಳೆದು ಬಿಟ್ಟರೆ ಅದು ಕಚ್ಚಿಕೊಂಡ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಹಾರಬೇಕು. ಢಂ ಅನ್ನುವ ಜವಾಬ್ದಾರಿ ನನ್ನ ಬಾಯಿಯದು.

ಹಳೇ ಮಂಚದ ಕಾಲು ಕೆತ್ತಿ ಹಿಡಿ ಮಾಡಿದೆ. ಡಾಕಿನ ಅಭ್ಯಾಸ, ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ಎಣ್ಣೆ ಕಾಣಿಸಲೇಬೇಕು. ಕುದುರೆಗೆ, ಸ್ಪ್ರಿಂಗಿಗೆ, ತಗಡಿಗೆ ಧಾರಾಳವಾಗಿ ಹಾಕಿದೆ. ಕಲ್ಲಿಗೆ ಯಾಕೆ ಬೇಸರ ಅಂತ ಅದಕ್ಕೂ ಎರಡು ಹನಿ.

ಮಗು ಮನೆಗೆ ಬಂದ ದಿನ ಲುಂಗಿಯ ಮೇಲೇ ನಮ್ಮ ಕೊಡಗಿನ ಹಬ್ಬದ ಉದ್ದ ಕೋಟು, ಕುಪ್ಯಚೇಲೆ, ತೊಟ್ಟು ಬಾಲ್ಕನಿಯಲ್ಲಿ ನಿಂತೆ. ಕುದುರೆ ಬಿಟ್ಟೆ. "ಢಂ" ಅಂದೆ. ಕಿಡಿ ಇಲ್ಲ. ಬೀದಿಯ ರಿಕ್ಷಾದವನು ರಿಕ್ಷಾ ನಿಲ್ಲಿಸಿ ನೋಡತೊಡಗಿದ. ಹನ್ನೊಂದು ಸಲ ಢಂ ಅಂದೆ. ಗಂಟಲು ಕಟ್ಟಿತು.

ಅಳಿಯ ಮೊಬೈಲು ನೋಡಿ, ತಗಡಿಗೆ ಎಣ್ಣೆ ತಾಗಿದರೆ ಕಿಡಿ ಬರುವುದಿಲ್ಲವಂತೆ ಮಾವ, ಅಂದ ಮೆಲ್ಲಗೆ. ಲುಂಗಿಯಲ್ಲಿ ಒರೆಸಿದೆ. ಮತ್ತೆ ಎಳೆದೆ. ಈ ಸಲ ಹಾರಿತು. ಕಿಡಿಯಲ್ಲ, ಕಲ್ಲು! ಕಲ್ಲಿಗೆ ಚರ್ಮದ ಚೂರು ಸುತ್ತಿ ಬಿಗಿಯಬೇಕಿತ್ತಂತೆ. ಕಲ್ಲು ಹೋಗಿ, ನಾವೆಲ್ಲ ಬೌದಿ, ಅಂದರೆ ಅತ್ತಿಗೆ, ಅನ್ನುವ ಕೆಳಮನೆಯ ಬಂಗಾಳಿ ಹೆಂಗಸು ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು.

ಬೌದಿ ಮೇಲೆ ಬಂದರು. ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಸಂದೇಶ್ ಅನ್ನುವ ಸಿಹಿ ತುಂಬಿದ ಕಾಗದದ ಚೀಲ.

"ದಾದಾ, ಮಗು ನೋಡೋಕೆ ನಾನೇ ಬರ್ತಿದ್ದೆ. ಕಲ್ಲು ಹೊಡೆದು ಕರೀಬೇಕಿತ್ತಾ?"

ನನ್ನಾಕೆ ಬೌದಿಯ ಕೈಯಿಂದ ಚೀಲ ತೆಗೆದುಕೊಂಡಳು. ಸಿಹಿಯನ್ನು ತಟ್ಟೆಗೆ ಸುರಿದಳು, ಖಾಲಿ ಚೀಲ ಊದಿದಳು, ಬಾಲ್ಕನಿಗೆ ಬಂದು ಎರಡೂ ಕೈಯಿಂದ ಬಡಿದಳು. ಢಂ! ಮೊಮ್ಮಗಳು ಬೆಚ್ಚಿ ಇಡೀ ಬೀದಿಗೆ ಕೇಳುವಂತೆ ಅತ್ತಳು.

"ಆಯ್ತಲ್ಲ? ಒಳಗೆ ಬನ್ನಿ," ಅಂದಳು ನನ್ನಾಕೆ.

ಯಾರು ಏನಾದರೂ ಅನ್ನಲಿ. ನಮ್ಮ ಮನೆಯಲ್ಲಿ ಹೆಣ್ಣುಮಗುವಿಗೆ ಗುಂಡು ಹಾರಿದೆ. ಹಾರಿಸಿದ್ದು ಅವಳಜ್ಜಿ. ನಾನು ಪಕ್ಕದಲ್ಲಿ ಕೋವಿ ಹಿಡಿದು ನಿಂತಿದ್ದೆ.