ದುರ್ಬೀನಿನ ಕತೆ ಮುಗಿಯುವ ತನಕ

ಎಲ್ಲ ಕೆಟ್ಟದ್ದು ಒಂದು ಪಾಯಸದಿಂದ. ಕಾರ್ಕಳದ ದೂಮಪ್ಪನವರ ಮನೆಯಲ್ಲಿ ಮಗಳು ಪ್ರಣೀತಾಳ ನಿಶ್ಚಿತಾರ್ಥದ ಊಟ. ಎಲೆಗೆ ಪಾಯಸ ಬಿತ್ತು ಅನ್ನುವಾಗ ಮದುಮಗ ಸರ್ವೋತ್ತಮನಿಗೆ ಮಣಿಪಾಲದ ಕಚೇರಿಯಿಂದ ಫೋನು. ಬಾಹ್ಯಾಕಾಶದಲ್ಲಿ ಸುತ್ತುವ ದುರ್ಬೀನು ದಿಕ್ಕು ತಪ್ಪಿದೆಯಂತೆ. ಅದನ್ನು ನೆಲದಿಂದ ನಡೆಸುವವನು ಇವನೇ ಆದ್ದರಿಂದ, ಎಲೆ ಬಿಟ್ಟೆದ್ದು ಓಡಿದ. ದೂಮಪ್ಪನವರು ಖಂಡತುಂಡವಾಗಿ ಹೇಳಿಬಿಟ್ಟರು: "ಎಲೆಯಿಂದ ಎದ್ದು ಹೋಗುವವನಿಗೆ ಮಗಳನ್ನು ಹೇಗೆ ಕೊಡುವುದು? ಮೊದಲು ಆ ದುರ್ಬೀನಿನ ಕತೆ ಮುಗಿಯಲಿ."

ಅದರ ಆಯುಷ್ಯ ಆಗ ಇನ್ನೊಂದೇ ವರ್ಷ ಇತ್ತು. ಒಂದು ವರ್ಷ ಎಂತ ಮಹಾ ಎಂದುಕೊಂಡ ಸರ್ವೋತ್ತಮ. ಆದರೆ ಹಾಳು ಕೈ ಸುಮ್ಮನಿರಬೇಕಲ್ಲ! ದಿಕ್ಕು ತಿರುಗಿಸುವ ಒಂದು ಚಕ್ರ ಕೆಟ್ಟಾಗ ಉಳಿದ ಚಕ್ರಗಳಲ್ಲೇ ಅದನ್ನು ನೆಟ್ಟಗೆ ನಿಲ್ಲಿಸಿದವನು ಇವನು. ಬ್ಯಾಟರಿ ಸೋತಾಗ ಒಂದು ಕ್ಯಾಮೆರಾ ಆರಿಸಿ ಬದುಕಿಸಿದವನೂ ಇವನೇ. ಪ್ರತಿಸಲ ಅವಧಿ ವಿಸ್ತರಣೆಯಾದಾಗ ಕಚೇರಿಯಲ್ಲಿ ಚಪ್ಪಾಳೆ, ಬನ್ನಂಜೆಯ ಬಾಡಿಗೆ ಕೋಣೆಯಲ್ಲಿ ಇವನ ನಿಟ್ಟುಸಿರು. ಹೀಗೇ ಎಂಟು ವರ್ಷ ಹೋಯಿತು, ಕಿವಿಯ ಮೇಲಿನ ಕೂದಲು ನರೆಯಿತು. ಸಂಜೆ ದುರ್ಬೀನು ಚುಕ್ಕಿಯಾಗಿ ಆಕಾಶ ದಾಟುವಾಗ ತಾರಸಿ ಹತ್ತಿ ನೋಡುವನು. ಅದೇ ಹೊತ್ತಿಗೆ ಕಾರ್ಕಳದ ತಾರಸಿಯಲ್ಲಿ ಅವಳೂ ನೋಡುತ್ತಿರುತ್ತಾಳೆಂದು ಗೊತ್ತು. ಅಷ್ಟೇ ಅವರಿಬ್ಬರ ಭೇಟಿ. ಚುಕ್ಕಿ ಮರೆಯಾದ ಮೇಲೂ ಇವನಿಗೆ ಕೆಳಗಿಳಿಯಲು ಮನಸ್ಸಾಗುತ್ತಿರಲಿಲ್ಲ.

ಈ ದಿನ ಬೆಳಿಗ್ಗೆ ದುರ್ಬೀನು ಮಾತಾಡಲಿಲ್ಲ. ಎಷ್ಟು ಕರೆದರೂ ಸಂಕೇತವಿಲ್ಲ. ಮೇಲಧಿಕಾರಿ ಲಿಯೋನೆಲ್ ಸೋತ ದನಿಯಲ್ಲಿ ಕೇಳಿದರು, "ಎಂತಾದರೂ ಉಪಾಯ ಉಂಟಾ?"

ಉಪಾಯವಿತ್ತು. ಸರ್ವೋತ್ತಮ ನೆಲ ನೋಡಿ "ಇಲ್ಲ" ಅಂದ. ಈ ಎಂಟು ವರ್ಷದಲ್ಲಿ ಮೊದಲ ಸಲ ರಜೆ ಕೇಳಿದ.

ಮನೆಯೊಡತಿ ಅಕ್ಕುಗೆ ಫೋನಿನಲ್ಲಿ ಸುದ್ದಿ ಹೇಳಿದ್ದೇ ತಪ್ಪಾಯಿತು. ಅಕ್ಕುಗೆ ಗೊತ್ತಾದರೆ ಜಿಲ್ಲೆಗೇ ಗೊತ್ತಾದ ಹಾಗೆ. ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ರೋಶನ್, ಸಾವಿನ ಮನೆಯವನಿಗೆ ಜಾಗ ಕೊಡುವಂತೆ, ಯಾರನ್ನೋ ಎಬ್ಬಿಸಿ ಕಿಟಕಿ ಬದಿ ಕೂರಿಸಿದ. ಪಕ್ಕದಲ್ಲಿ ಮೀನು ಮಾರಿ ಮರಳುತ್ತಿದ್ದ ಸರಸಕ್ಕ ಮರುಗಿ, ಹೋದವರಿಗೆ ಪ್ರಾಯ ಎಷ್ಟಾಗಿತ್ತೆಂದು ವಿಚಾರಿಸಿದಳು. ಇವನು ಯೋಚಿಸದೆ "ಹದಿಮೂರು" ಅಂದ. ಡ್ರೈವರು ಹಾಡು ನಿಲ್ಲಿಸಿದ. ಒಳಗೊಳಗೇ ಕುಣಿಯುತ್ತಿದ್ದ ಸರ್ವೋತ್ತಮ ಕಾರ್ಕಳದವರೆಗೂ ಮುಖ ಜೋಲು ಹಾಕಿಕೊಂಡೇ ಕೂರಬೇಕಾಯಿತು.

ದೂಮಪ್ಪನವರು ಮಾತಿಗೆ ತಪ್ಪುವ ಆಸಾಮಿಯಲ್ಲ. ಎಲೆ ಹಾಕಿಸಿದರು, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಊಟ ಮುಗಿಸಿದ ಕೂಡಲೇ ದಿನ ನೋಡುವ ಎಂದರು.

ಪಾಯಸ ತಂದವಳು ಪ್ರಣೀತಾ. ಅತ್ತು ಕಣ್ಣು ಊದಿತ್ತು. ಬಡಿಸುತ್ತ ಮೆಲ್ಲಗೆ ಹೇಳಿದಳು, "ಬೇಸರ ಮಾಡಬೇಡಿ. ನಿಮ್ಮ ಜೀವ ಅದರಲ್ಲೇ ಉಂಟಂತ ನನಗೆ ಗೊತ್ತಿಲ್ವಾ? ಕಳೆದದ್ದನ್ನು ಹುಡುಕಿ ಕೊಡಲಿಕ್ಕೆ ದೈವ ಕೊರಗಜ್ಜ ಇದ್ದಾನೆ. ಅಜ್ಜನಿಗೆ ಚಕ್ಕುಲಿ, ವೀಳ್ಯ ಕೊಡುತ್ತೇನೆ ಅಂತ ಹರಕೆ ಹೇಳಿದ್ದೇನೆ."

ಸರ್ವೋತ್ತಮ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ. ಅವಳಿಗಾಗಿ ತಾನು ಅದನ್ನು ಸಾಯಲು ಬಿಟ್ಟು ಬಂದರೆ, ತನಗಾಗಿ ಇವಳು ಅದರ ಜೀವ ಬೇಡಿಕೊಂಡಿದ್ದಾಳೆ. ಆಗ ಫೋನು ಬಡಿದುಕೊಂಡಿತು.

"ಸಿಕ್ಕಿತು ಮಾರಾಯ, ತನ್ನಷ್ಟಕ್ಕೇ ಮಾತಾಡಿತು!" ಲಿಯೋನೆಲ್ ಕೂಗುತ್ತಿದ್ದರು. "ಆದರೆ ಗಿರಗಿರ ತಿರುಗ್ತಾ ಉಂಟು. ಇವತ್ತು ಹಿಡಿದು ನಿಲ್ಲಿಸಿದರೆ ಇನ್ನೂ ಐದು ವರ್ಷ ಬಾಳ್ತದೆ. ನೀನಲ್ಲದೆ ಹಿಡಿಯುವವರಿಲ್ಲ."

ಸರ್ವೋತ್ತಮ ಪಾಯಸ ನೋಡಿದ, ಕ್ಯಾಲೆಂಡರು ನೋಡಿದ, ಅವಳನ್ನು ನೋಡಿದ. ದೇವರಾಣೆಗೂ ಕೂತಿರಬೇಕೆಂದೇ ಇತ್ತು. ಕಾಲು ಆಗಲೇ ಎದ್ದು ನಿಂತಿತ್ತು.

ದೂಮಪ್ಪನವರು ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು.

ಪ್ರಣೀತಾ ಅವನು ಮರೆತ ಕೊಡೆ ಹಿಡಿದು ಗೇಟಿನವರೆಗೆ ಓಡಿ ಬಂದಳು. "ಸಂಜೆ ಅದು ದಾಟುತ್ತದಲ್ಲ?"

"ದಾಟುತ್ತದೆ. ಇನ್ನೂ ಐದು ವರ್ಷ ದಾಟುತ್ತದೆ," ಎನ್ನುತ್ತ ಸರ್ವೋತ್ತಮ ಕಣ್ಣೊರೆಸಿಕೊಂಡು ಬಸ್ಸಿನ ಹಿಂದೆ ಓಡಿದ.