ಮುದುಕಿಯೋ, ಕತ್ತಿಯೋ

"ಸತ್ತಿಲ್ಲ ಅಂದ್ರ ಸತ್ತಿಲ್ಲರೀ! ಮುದುಕೀನ ನಾ ನನ್ನ ಕೈಯಾರ ಉಳಿಸೇನಿ!"

ಇಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ಸಿಡಿ ಅಂಗಡಿಯಲ್ಲಿ ಬಸಂತರಾಯ ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆ ಅಡಿಕೆಯನ್ನು ಹಾಗೆಯೇ ಹಿಡಿದು ನಿಂತ. ತಾಂಬಾ ಊರಿನ ಇಂದುಬಾಯಿ ಕೌಂಟರಿನ ಮೇಲೆ ಕೈಚೀಲ ಬಡಿದ ರಭಸಕ್ಕೆ ಹಲಗೆಯ ಮೇಲಿದ್ದ ಭಕ್ತಿಗೀತೆಯ ಕ್ಯಾಸೆಟ್ಟುಗಳು ನೆಲಕ್ಕುರುಳಿದವು.

ಬಸಂತರಾಯ: ಶಿವ ಶಿವಾ! ಯಾವ ಮುದುಕಿರೀ ಅಕ್ಕಾರ? ನಿಮ್ಮ ಅತ್ತಿಯವರಾ? ಯಾವಾಗ ಹೋದ್ರು?

ಇಂದುಬಾಯಿ: ನಮ್ಮ ಅತ್ತಿ ಯಾಕ ಹೋಗ್ತಾಳ? ನಮ್ಮನ್ನೆಲ್ಲಾ ಕಳಿಸೇ ಹೋಗಾಕಿ ಆಕಿ. ನಾ ಹೇಳಾಕತ್ತಿದ್ದು ಸೀತವ್ವನ ಸುದ್ದಿ.

ಬಸಂತರಾಯ: ಸೀತವ್ವ... ನಿಮ್ಮ ಓಣಿಯಾಕಿ?

ಇಂದುಬಾಯಿ: ನೀವ ಬಾಡಿಗಿ ಕೊಟ್ಟ ಆಟದಾಗಿನ ಮುದುಕಿರೀ! ಗಂಜಿ ಕಾಸಾಕಿ!

ಬಸಂತರಾಯ ಉಸಿರು ಬಿಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ರಜೆಗೆ ಬಂದ ಮೊಮ್ಮಕ್ಕಳಿಗೆಂದು ಇಂದುಬಾಯಿ ಅವನಿಂದ ವಿಡಿಯೋ ಗೇಮ್ ಒಯ್ದಿದ್ದಳು. ರಜೆ ಮುಗಿದು ಮೊಮ್ಮಕ್ಕಳು ಹೋದರು, ಗೇಮು ಹೋಗಲಿಲ್ಲ. ಆಟ ಇಷ್ಟೇ: ಒಬ್ಬ ಹುಡುಗ ಮಾಯದ ಕತ್ತಿ ಹಿಡಿದು ರಾಕ್ಷಸನನ್ನು ಕೊಲ್ಲಲು ಹೊರಡುತ್ತಾನೆ. ಅವನು ಬಿದ್ದಾಗಲೆಲ್ಲ ಹಿಂದೆ ಬರುವ ಮುದುಕಿಯೊಬ್ಬಳು ಗಂಜಿ ಕುಡಿಸಿ ಎಬ್ಬಿಸುತ್ತಾಳೆ. ಆಕೆಯ ಪರದೇಶದ ಹೆಸರು ನಾಲಿಗೆಗೆ ಹೊರಳದೆ ಇಂದುಬಾಯಿ ತಾನೇ ಸೀತವ್ವ ಎಂದು ಕರೆದಿದ್ದಳು. ಕೊನೆಗೆ ಸೇತುವೆ ಮುರಿಯುತ್ತದೆ. ಒಂದು ಕಡೆ ಮುದುಕಿ ಜೋತಾಡುತ್ತಾಳೆ, ಇನ್ನೊಂದು ಕಡೆ ಕತ್ತಿ. ಯಾವುದಾದರೂ ಒಂದನ್ನು ಮಾತ್ರ ಹಿಡಿಯಬಹುದು. ಈಗ ಆ ಆಟದ ಕಥೆ ಮುಂದುವರಿಸಿ ಕಾರ್ಟೂನ್ ಸಿನಿಮಾ ಬಂದಿತ್ತು, ಹಿಂದಿ ಮಾತಿನದು. ಇಂದುಬಾಯಿ ಅದನ್ನೂ ಒಯ್ದಿದ್ದಳು.

ಇಂದುಬಾಯಿ: ಪೂಲು ಮುರದಾಗ ಕತ್ತಿ ಹೊಳಿಗೆ ಬಿಟ್ಟೆ. ಸೀತವ್ವನ ರಟ್ಟಿ ಹಿಡದ ಮ್ಯಾಲೆ ಎಳದೆ. ರಾಕ್ಷಸನ್ನ ಬಡಿಗೀಲೆ ಬಡದ ಕೊಂದೆ. ಈಗ ನಿಮ್ಮ ಸಿನಿಮಾ ಹಚ್ಚಿದ್ರ ಸುರುವಿಗೇ ಆಕಿ ಫೋಟೋಕ್ಕ ಮಾಲಿ! ಆ ಭಾಡ್ಯಾ ಹುಡುಗ ಕತ್ತಿ ಹೆಗಲಿಗೆ ಏರಿಸ್ಕೊಂಡು, ಗಾಳಿಗೆ ಕೂದಲಾ ಬಿಟಗೊಂಡು ಗುಡ್ಡದ ಮ್ಯಾಲೆ ನಿಂತಾನ!

ಬಸಂತರಾಯ: ಆಟ ಬ್ಯಾರೆ, ಸಿನಿಮಾ ಬ್ಯಾರೆರೀ.

ಇಂದುಬಾಯಿ: ಆಟದ ಮುಂದಿನ ಕಥಿ ಅಂತ ಹೇಳಿ ಕೊಟ್ಟವರ್ಯಾರು? ನನ್ನ ಆಟದಾಗ ಆಕಿ ಗಟ್ಟಿಮುಟ್ಟ ಇದ್ದಾಳ. ಮುಂದಿನ ಕಥ್ಯಾಗ ಹಿಂದ ಹ್ಯಾಂಗ ಸತ್ತಳು?

ಬಸಂತರಾಯ: ಹೆಚ್ಚಿನ ಮಂದಿ ಕತ್ತೀನ ಹಿಡೀತಾರಂತ. ಸಿನಿಮಾದವರು ಅದನ್ನ ಖರೇ ಮಾಡ್ಯಾರ. ನಿಮ್ಮದು... ತಪ್ಪ ತಿಳೀಬ್ಯಾಡ್ರಿ, ಆಟಕ್ಕುಂಟು ಲೆಕ್ಕಕ್ಕಿಲ್ಲ.

ಇಂದುಬಾಯಿ: ಯಾರ್ರೀ ಲೆಕ್ಕಕ್ಕಿಲ್ಲ? ಮುದುಕಿಯೋ, ನಾನೋ?

ಬಸಂತರಾಯ: ಇಬ್ಬರೂ... ಛೇ ಛೇ, ಯಾರೂ ಅಲ್ಲರೀ!

ಇಂದುಬಾಯಿ: ದಿನಾ ಬೆಳಗಾದ್ರ ಗಂಜಿ ಕಾಸಿ ಹಾಕಾಕಿ ಲೆಕ್ಕಕ್ಕಿಲ್ಲ, ತುಕ್ಕ ಹಿಡಿಯೂ ಕತ್ತಿ ಲೆಕ್ಕಕ್ಕೈತಿ! ನನಗ ಎದಿ ಉರಿಯಾಕತ್ತೈತಿ ಬಸಂತರಾಯರ. ಮುದುಕಿ ಬದುಕಿದ್ದ ಸಿಡಿ ಕೊಡ್ರಿ.

ಬಸಂತರಾಯ: ಅಂಥಾದ್ದು ಇಲ್ಲರೀ.

ಇಂದುಬಾಯಿ: ವಿಜಾಪುರದಿಂದ ತರಸ್ರಿ.

ಬಸಂತರಾಯ: ವಿಜಾಪುರದಾಗೂ ಸತ್ತಾಳ್ರೀ.

ಇಂದುಬಾಯಿ: ಸೊಲ್ಲಾಪುರ?

ಬಸಂತರಾಯ: ಅಲ್ಲೂ ಅದ ಗತಿ.

ಅಷ್ಟರಲ್ಲಿ ಎದುರಿನ ಚಹಾದಂಗಡಿಯಿಂದ ಇಂದುಬಾಯಿಯ ಗಂಡ ಪರಪ್ಪ ಮೀಸೆ ಒರೆಸಿಕೊಳ್ಳುತ್ತ ಒಳಗೆ ಬಂದ. ಬರಬಾರದಿತ್ತು.

ಪರಪ್ಪ: ಎಷ್ಟೊತ್ತ ಇಂದೂ? ಬಸ್ಸ ಹೊಂಟೈತಿ.

ಇಂದುಬಾಯಿ: ಬರ್ರಿ, ನೀವ ಸಾಕ್ಷಿ ಹೇಳ್ರಿ. ನನ್ನ ಹಿಂದ ಇವರೂ ಆ ಆಟ ಆಡ್ಯಾರ. ಇವರೂ ಮುದುಕೀನ್ನ ಉಳಿಸ್ಯಾರ. ಹೌದಲ್ರೀ?

ಪರಪ್ಪ: ಆಂ? ಹಾಂ ಹಾಂ, ಮುದುಕೀನ್ನ. ಮುದುಕೀನ ಬಿಟ್ಟ ಕತ್ತಿ ಯಾವ ಮಬ್ಬ ಹಿಡೀತಾನ?

ಇಂದುಬಾಯಿ: ಕೇಳಿದ್ರ್ಯಾ? ಇಷ್ಟ ವರ್ಷ ಬಾಳೇ ಮಾಡೇನಿ, ಇವರ ಮನಸ್ಸು ನನಗ ಗೊತ್ತಿಲ್ಲೇನು!

ಬಸಂತರಾಯ ಆಕೆಯ ಮನಸ್ಸು ತಣಿಸಲು ನೋಡಿದ.

ಬಸಂತರಾಯ: ಖರೇ ಐತ್ರಿ. ಕತ್ತಿ ಹಿಡದ್ರೂ ಏನ ಬಂತು? ಮೊಂಡ ಕಬ್ಬಿಣ.

ಪರಪ್ಪ: ಮೊಂಡ? ಯಾರ ಹೇಳಿದ್ರರೀ ನಿಮಗ? ಪೂಲು ದಾಟಿದ ಮ್ಯಾಲೆ ಬೆಂಕಿ ಉಗಳತೈತಿ ಅದು! ಒಂದ ಸಲ ಬೀಸಿದ್ರ ರಾಕ್ಷಸರು ಮೆಕ್ಕಿತೆನಿ ಸುಟ್ಟಂಗ ಚಟಪಟ, ಚಟಪಟ...

ಚಟಪಟ ನಿಂತಿತು. ಇಂದುಬಾಯಿ ಗಂಡನ ಕಡೆ ಪೂರ್ತಿ ತಿರುಗಿ ನಿಂತಳು.

ಇಂದುಬಾಯಿ: ನನ್ನ ಕತ್ತಿ ಪೂಲಿನ ಕೆಳಗ ಹೊಳ್ಯಾಗ ಹೋತು. ನಿಮ್ಮದು ಪೂಲು ದಾಟಿ ಬೆಂಕಿ ಹ್ಯಾಂಗ ಉಗಳತು?

ಪರಪ್ಪ: ಅದು... ಸಿನಿಮಾದಾಗ ನೋಡಿದೆ.

ಇಂದುಬಾಯಿ: ಸಿನಿಮಾ ಹಚ್ಚಿದಾಗ ನೀವು ಹೊಲದಾಗ ಇದ್ರಿ.

ಪರಪ್ಪ: ಬಟನ್ ತಪ್ಪಿ ಒತ್ತೇನಿ.

ಇಂದುಬಾಯಿ: ಒತ್ತೂತನಕ ಎಷ್ಟೊತ್ತ ಬೇಕಾದ್ರೂ ಕಾಯತೈತಿ ಅದು. ಮುದುಕಿ ಮಾರಿ ತೋರಿಸ್ಕೋತ ಕಾಯತೈತಿ.

ಪರಪ್ಪ: ಆತ ಬಿಡ, ಖರೇ ಹೇಳ್ತೇನಿ. ಮುದುಕಿಗೆ ವಯಸ್ಸಾಗಿತ್ತು, ಕತ್ತಿ ಹೊಸಾದಿತ್ತು.

ಬಸಂತರಾಯ: ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೇನಿ, ಸುಮ್ಮಕಿರ್ರಿ.

ಇಂದುಬಾಯಿಯ ಧ್ವನಿ ಇಳಿಯಿತು. ಬೈಗುಳ ಇದ್ದಿದ್ದರೆ ಪರಪ್ಪ ತಡೆದುಕೊಳ್ಳುತ್ತಿದ್ದ.

ಇಂದುಬಾಯಿ: ಆಕಿ ಗಂಜಿ ಕುಡದ ಕುಡದ ಅಲ್ಲೀತನಕ ಹೋದ್ರಿ. ಪೂಲು ಮುರದ ಕೂಡಲೆ ಕೈ ಬಿಟ್ರಿ. ಮ್ಯಾಲೆ ನನ್ನ ಮುಂದ ಸುಳ್ಳ. ನನಗ ಭಾಳ ಕೆಟ್ಟ ಅನಸೇತಿ.

ಪರಪ್ಪ: ಅದು ಆಟಾ ಹುಚ್ಚಿ! ಮನೀಗಿ ನಡಿ. ಸಂಜಿಗೆ ರೊಟ್ಟಿ ಪುಂಡಿಪಲ್ಲೆ ಅಂದಿದ್ದಿ...

ಇಂದುಬಾಯಿ: ಬೆಂಕಿ ಉಗಳೂ ಕತ್ತಿ ಐತೆಲ್ಲ, ರೊಟ್ಟಿ ಅದ ಬಡೀಲಿ.

ಬಸಂತರಾಯ ಗಾಬರಿಯಿಂದ ಡ್ರಾವರ್ ತಡಕಾಡಿ ಇನ್ನೊಂದು ಸಿಡಿ ಎತ್ತಿ ಹಿಡಿದ.

ಬಸಂತರಾಯ: ಅಕ್ಕಾರ, ತಡೀರಿ! ಮರತಬಿಟ್ಟಿದ್ದೆ, ಇದು ಜೋಡ ಸಿಡಿ ಸಿನಿಮಾ. ನೀವು ಅರ್ಧಾನ ನೋಡೀರಿ. ಎರಡನೇದು ನನ್ನ ಕಡೇನ ಉಳದೈತಿ! ಮುದುಕಿ ಸತ್ತಿಲ್ಲರೀ! ಹೊಳ್ಯಾಗ ತೇಲಿಕೋತ ಹೋಗಿ ಯಾವದೋ ಊರ ಸೇರಿದ್ದಳು. ಕಡೀಕ ತಿರುಗಿ ಬರ್ತಾಳ!

ಪರಪ್ಪ: ನೋಡ, ನೋಡ! ಬಂದಳಲ್ಲ! ನಾ ಕೈ ಬಿಟ್ಟದ್ದಕ್ಕ ನಾಕ ಊರ ನೋಡಿ ಬಂದಳು!

ಇಂದುಬಾಯಿ: ಬಂದ ಏನ ಮಾಡ್ತಾಳ್ರೀ?

ಬಸಂತರಾಯ ಸುಳ್ಳು ಹೇಳಬೇಕೆಂದುಕೊಂಡ, ಧೈರ್ಯ ಸಾಲಲಿಲ್ಲ.

ಬಸಂತರಾಯ: ಗಂಜಿ... ಕಾಸ್ತಾಳ್ರೀ.

ಇಂದುಬಾಯಿ ಕೈಚೀಲ ಎತ್ತಿಕೊಂಡು, ಸೆರಗು ಸರಿಪಡಿಸಿಕೊಂಡು ಹೊರಗೆ ನಡೆದಳು. ಪರಪ್ಪ ಬೆನ್ನ ಹಿಂದೆ ಓಡಿದ.

ಪರಪ್ಪ: ಇಂದೂ, ತಾಂಬಾ ಬಸ್ಸ ಈ ಕಡೆ ಐತಿ! ಅದು ಝಳಕಿ ಬಸ್ಸು, ನಿನ್ನ ತವರಮನಿ ಕಡೆ ಹೋಗೂದು!

ಇಂದುಬಾಯಿ ಬಸ್ಸಿನ ಮೆಟ್ಟಿಲೇರಿ ಒಮ್ಮೆ ತಿರುಗಿದಳು.

ಇಂದುಬಾಯಿ: ಗೊತ್ತೈತಿ. ಮುದುಕಿ ತಿರುಗಿ ಬರೂದು ಎರಡನೇ ಸಿಡಿಯಾಗ. ನಮ್ಮ ಮನ್ಯಾಗ ಇನ್ನಾ ಮೊದಲನೇದ ನಡದೈತಿ!