ಅಮ್ಮನ ಶೆಲ್ಫು, ಎರಡನೇ ಹಾಳೆ

ಸೋಪು, ಪೌಡರು, ಫಿನಾಯಿಲು ಮಾರುವವನ ಬಾಳಿನಲ್ಲಿ ಗಾಬರಿ ಬೀಳುವಂಥದ್ದು ಏನಿರುತ್ತದೆ ಅಂತ ನೀವು ಕೇಳಬಹುದು. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಹತ್ತಡಿ ಅಗಲದ ಅಂಗಡಿಯಲ್ಲಿ ನನ್ನ ಎದೆ ಧಸಕ್ಕೆಂದ ಸಂಗತಿಗಳನ್ನೆಲ್ಲ ಹೇಳಿದರೆ ಯಾವ ಡಾಕ್ಟರಾದರೂ ನನ್ನನ್ನು ಗಲ್ಲಾ ಬಿಡಿಸಿ ಮನೆಗೆ ಕಳಿಸಿಯಾರು. ಮನೆಗೆ ಹೋದರೂ ಉಪಯೋಗವಿಲ್ಲ. ಎಲ್ಲದರ ಮೂಲ ನಮ್ಮಮ್ಮ, ಅವಳು ಇದ್ದದ್ದು ಮನೆಯಲ್ಲೇ.

೧. ಇಕ್ಕಳ

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಅಕ್ಕನ ಮಗಳು ರಾಜೀವನಗರದ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ಒಂದು ಸಂಜೆ ಕಾಲೇಜಿನಿಂದ ನೇರ ಅಂಗಡಿಗೆ ಬಂದು, ಯಾರೋ ಪ್ರಾಣಿದಯೆಯವರು ಹಂಚಿದ ಕರಪತ್ರವನ್ನು ನನ್ನ ಕೈಗಿಟ್ಟಳು. ಎರಡು ಹಾಳೆ, ಮೂಲೆಗೆ ಗುಂಡುಸೂಜಿ. ಮೊದಲ ಹಾಳೆಯಲ್ಲಿ, ಎಷ್ಟೋ ಸೋಪುಗಳಿಗೆ ಪ್ರಾಣಿಗಳ ಕೊಬ್ಬು ಹಾಕುತ್ತಾರೆ, ಶಾಂಪೂವನ್ನು ಮೊಲದ ಕಣ್ಣಿಗೆ ಬಿಟ್ಟು ಪರೀಕ್ಷೆ ಮಾಡುತ್ತಾರೆ ಅಂತ ಇತ್ತು. ಎರಡನೇ ಹಾಳೆ ರೇಷ್ಮೆಯ ವಿಚಾರ. ಗೂಡಿನೊಳಗೆ ಹುಳು ಜೀವಂತ ಇರುವಾಗಲೇ ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುತ್ತಾರೆ ಅಂತ.

ನನ್ನ ಕೈ ಅಲ್ಲೇ ನಿಂತಿತು. ಅಮ್ಮನ ಹತ್ತಿರ ಅರಿಶಿನ ಬಣ್ಣದ ಒಂದು ರೇಷ್ಮೆ ಸೀರೆ ಇತ್ತು. ಮದುವೆಯಾದ ವರ್ಷ ಅಪ್ಪ ತಂದುಕೊಟ್ಟದ್ದು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅದನ್ನು ಉಟ್ಟು, ವಿಭೂತಿ ಇಟ್ಟುಕೊಂಡೇ ಲಿಂಗಪೂಜೆಗೆ ಕೂರುತ್ತಿದ್ದಳು. ಅಪ್ಪ ಹೋದ ಮೇಲೆ ಒಮ್ಮೆ ಹೇಳಿದ್ದಳು, "ಇದನ್ನ ಉಟ್ಟಾಗ ನಿಮ್ಮಪ್ಪ ಪಕ್ಕದಲ್ಲೇ ಕೂತಂಗಿರ್ತದೆ ಕಣೋ."

ನಾನು ಗುಂಡುಸೂಜಿ ತೆಗೆದು ಎರಡನೇ ಹಾಳೆಯನ್ನು ಡ್ರಾಯರಿನ ತಳಕ್ಕೆ ಹಾಕಿದೆ.

"ಸುಳ್ಳಾಗ್ತದೆ ಮಾಮ" ಅಂದಳು ಹುಡುಗಿ.

"ಸುಳ್ಳಲ್ಲ, ಅರ್ಧ" ಅಂದೆ.

ಮನೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಹಾಳೆಯನ್ನು ಅಕ್ಷರ ಬಿಡದೆ ಓದಿದಳು. ಮುಖ ಬಿಳಚಿಕೊಂಡಿತು. "ಇಷ್ಟು ವರ್ಷ ಯಾವುದೋ ಮೂಕಪ್ರಾಣಿ ಕೊಬ್ಬು ಮೈಗೆ ಹಚ್ಕೊಂಡು ಲಿಂಗ ಮುಟ್ಟಿದ್ನಾ?" ಅಂದಳು. ಹಾಳೆಯ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು: 'ಇನ್ನು ನಾವು ಉಡುವ ಬಟ್ಟೆಯ ವಿಷಯಕ್ಕೆ ಬಂದರೆ'.

"ಮುಂದಿಂದೆಲ್ಲೋ?"

"ಅಷ್ಟೇ ಅಮ್ಮ. ಅವರಿಗೆ ಕಾಗದ ಸಾಲಲಿಲ್ಲ ಅಂತ ಕಾಣ್ತದೆ."

ಅಮ್ಮ ಸೂಜಿ ಚುಚ್ಚಿದ್ದ ತೂತನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಬಚ್ಚಲಿಗೆ ಹೋಗಿ ಸೋಪನ್ನು ಇಕ್ಕಳದಲ್ಲಿ ಹಿಡಿದು ತಂದು ಕಾಂಪೌಂಡಿನಾಚೆ ಎಸೆದಳು. ಆಮೇಲೆ ಇಕ್ಕಳವನ್ನು ತೊಳೆಯಬೇಕಲ್ಲ, ಯಾವುದರಿಂದ ತೊಳೆಯುವುದು? ಸ್ವಲ್ಪ ಹೊತ್ತು ಯೋಚಿಸಿ ಇಕ್ಕಳವನ್ನೂ ಎಸೆದಳು.

ಮಾರನೆಯ ದಿನ ಅಂಗಡಿಗೇ ಬಂದು ಅಪ್ಪಣೆ ಕೊಡಿಸಿದಳು. ಕಣ್ಣಿಗೆ ಕಾಣುವ ಹಾಗೆ ಒಂದು ಶೆಲ್ಫು ಖಾಲಿ ಮಾಡಬೇಕು. ಅದರಲ್ಲಿ ಇಡುವ ಯಾವ ಸಾಮಾನಿಗೂ ಒಂದು ಜೀವ ಸತ್ತಿರಬಾರದು, ನೊಂದಿರಬಾರದು. ಬೀದಿ ಗುಡಿಸುವವಳೂ ಕೊಳ್ಳುವಂಥ ಬೆಲೆ ಇರಬೇಕು. "ಅದರಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದ್ರೂ ಶೆಲ್ಫನ್ನ ನಾನೇ ಕಿತ್ತಾಕ್ತೀನಿ. ಆಮೇಲೆ ನಿನ್ನಂಗಡಿ ಮೆಟ್ಲು ಹತ್ತಲ್ಲ, ತಿಳ್ಕೊ."

ನಾನು ಡ್ರಾಯರಿಗೆ ಮೊಣಕಾಲು ಒತ್ತಿಕೊಂಡು ತಲೆಯಾಡಿಸಿದೆ.

೨. ಮೊಲದ ಬದಲಿಗೆ

ಶೆಲ್ಫಿಗೆ ಸೀಗೆಪುಡಿ ಬಂತು, ಅಂಟುವಾಳದ ಪುಡಿ ಬಂತು, ಪಾತ್ರೆ ತಿಕ್ಕಲು ತೆಂಗಿನ ನಾರು ಬಂತು, ಲವಂಗದ ಹಲ್ಲುಪುಡಿ ಬಂತು. ಎಲ್ಲವೂ ಮನೆಗಳಲ್ಲಿ ಹೆಂಗಸರು ಮಾಡಿದ್ದು, ಬೆಲೆಯೂ ಅಗ್ಗ. ಆಗ ಅಮ್ಮನಿಗೆ ಹೊಸ ಚಿಂತೆ ಹತ್ತಿತು.

"ಮೊಲದ ಕಣ್ಣಿಗೆ ಬಿಡಬಾರದು, ಒಪ್ಪಿದೆ. ಆದ್ರೆ ಜನಕ್ಕೆ ಕೊಡೋ ಮುಂಚೆ ಯಾರಾದ್ರೂ ನೋಡ್ಬೇಕಲ್ಲ?"

"ಯಾರು ನೋಡ್ತಾರಮ್ಮ?"

"ನೀನಿದ್ದೀಯಲ್ಲ."

ಸೀಗೆಪುಡಿ ಕಣ್ಣಿಗೆ ಹೋಗಿ ಎರಡು ದಿನ ಮದ್ರಾಸ್ ಐ ಬಂದವನ ಹಾಗೆ ಕಪ್ಪು ಕನ್ನಡಕ ಹಾಕಿಕೊಂಡು ವ್ಯಾಪಾರ ಮಾಡಿದೆ. ಹಲ್ಲುಪುಡಿಗೆ ಲವಂಗ ಜಾಸ್ತಿಯಾಗಿ ನಾಲಿಗೆ ಮರಗಟ್ಟಿ, ಮಧ್ಯಾಹ್ನದವರೆಗೆ ಗಿರಾಕಿಗಳಿಗೆ ಬೆರಳಲ್ಲೇ ಬೆಲೆ ಹೇಳಿದೆ. ಮೆಹಂದಿ ಪುಡಿಯ ಪರೀಕ್ಷೆಗೆ ಅಮ್ಮ ಆರಿಸಿದ್ದು ನನ್ನ ಭಾಮೈದನ ಮದುವೆಯ ಹಿಂದಿನ ದಿನವನ್ನು. ಛತ್ರದಲ್ಲಿ ಬೀಗರು ಮದುಮಗನನ್ನು ಬಿಟ್ಟು ನನ್ನ ತಲೆಯನ್ನೇ ನೋಡುತ್ತಿದ್ದರು. ತೊಳೆದ ಕ್ಯಾರೆಟ್ಟಿನ ಬಣ್ಣ ಅದು. ನನ್ನ ಹೆಂಡತಿ ಮೂರು ದಿನ ನನ್ನ ಜೊತೆ ನಡೆದುಕೊಂಡು ಎಲ್ಲಿಗೂ ಬರಲಿಲ್ಲ.

ಅಮ್ಮ ಇದಕ್ಕೆಲ್ಲ ಒಂದು ನೋಟ್‌ಬುಕ್ ಇಟ್ಟಿದ್ದಳು. ಆ ದಿನದ ಕೆಳಗೆ ಹೀಗೆ ಬರೆದಿತ್ತು: 'ತಲೆ ಕೆಂಪಾಗಿದೆ. ಉಳಿದಂತೆ ಪ್ರಾಣಿ ಆರೋಗ್ಯವಾಗಿದೆ.'

೩. ಏಳನೇ ಅಂಗಡಿ

ಸ್ನಾನದ ಸೋಪು ಮಾತ್ರ ಸಿಕ್ಕಿರಲಿಲ್ಲ. ಕೊಬ್ಬಿಲ್ಲದ್ದು ಅಂತ ದೊಡ್ಡ ಅಂಗಡಿಗಳಲ್ಲಿ ಇದ್ದದ್ದು ನಮ್ಮ ಗಿರಾಕಿಗಳು ಮೂಸಿ ನೋಡಿ ವಾಪಸ್ಸಿಡುವ ಬೆಲೆಯದು. ಹೀಗಿರುವಾಗ ಊರಾಚೆಯ ಹೂಟಗಳ್ಳಿಯ ಯಾವುದೋ ಸಣ್ಣ ಕಾರ್ಖಾನೆಯ ಸೇಲ್ಸ್‌ಮನ್ ಒಬ್ಬ ಟೈ ಕಟ್ಟಿಕೊಂಡು ಬಂದ. ಅಮ್ಮ ಅವತ್ತು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು.

"ಇದರಲ್ಲಿ ಪ್ರಾಣಿ ಕೊಬ್ಬು ಇಲ್ಲ ತಾನೇ?" ಅಂತ ಕೇಳಿದೆ.

ಅವನು ಜೇಬಿನಿಂದ ಸಣ್ಣ ಚಾಕು ತೆಗೆದ, ಸೋಪಿನಿಂದ ಒಂದು ಹೋಳು ಕೊಯ್ದ, ಬಾಯಿಗೆ ಹಾಕಿಕೊಂಡು ಅಗಿದು ನುಂಗಿಬಿಟ್ಟ. "ಬರೀ ಕೊಬ್ಬರಿ ಎಣ್ಣೆ ಸಾರ್" ಅಂದ. ಕಟವಾಯಿಯಲ್ಲಿ ನೊರೆ.

ಅಮ್ಮ ಎದ್ದೇ ನಿಂತಳು. "ಅಯ್ಯೋ ನೀರು ಕೊಡೋ ಅವನಿಗೆ."

"ಬ್ಯಾಡಿ ಅಮ್ಮಾವ್ರೆ, ನೀರು ಕುಡುದ್ರೆ ನೊರೆ ಜಾಸ್ತಿ ಬತ್ತದೆ. ಬೆಳಿಗ್ಗಿಂದ ಇದು ಏಳನೇ ಅಂಗ್ಡಿ, ಅಭ್ಯಾಸ ಆಗೋಗದೆ."

ಬೆಲೆ ಕೇಳಿದೆ, ಅಗ್ಗವಾಗಿತ್ತು. ವಾಸನೆಯೂ ಪರವಾಗಿಲ್ಲ. ಎರಡು ಪೆಟ್ಟಿಗೆ ಇಳಿಸಪ್ಪ ಅನ್ನುವಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದಳು.

"ತಡಿ ಕಣೋ. ಇವನೂ ಒಂದು ಜೀವ ಅಲ್ವಾ? ಸೋಪಿಗೋಸ್ಕರ ಇವನು ಇಷ್ಟು ನೋಯ್ತಾ ಇದಾನೆ. ಇದನ್ನ ಶೆಲ್ಫಲ್ಲಿ ಹೆಂಗಿಡೋದು?"

ಸೇಲ್ಸ್‌ಮನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ, ಇನ್ನು ಮುಂದೆ ನಮ್ಮ ಅಂಗಡಿಯಲ್ಲಿ ಸೋಪು ತಿನ್ನಬಾರದು ಎಂಬ ಕರಾರಿನ ಮೇಲೆ ಆ ಸೋಪು ಶೆಲ್ಫು ಹತ್ತಿತು. ಅವನು ಬಂದಾಗಲೆಲ್ಲ ಅಮ್ಮ ಮೊಸರನ್ನ ಕಟ್ಟಿ ಕಳಿಸುತ್ತಿದ್ದಳು. ಅದನ್ನು ಮಾತ್ರ ಅವನು ಎರಡು ಸಲ ಮೂಸಿ ನೋಡಿ ತಿನ್ನುತ್ತಿದ್ದ.

೪. ಪುಣ್ಯಾತ್ಮ

ಸೋಪು ಬಂತು, ಆದರೆ ಹೋಗಲೊಲ್ಲದು. ನಮ್ಮವರೇ, ಮೊಟ್ಟೆ ಅಂದರೆ ಮುಖ ಸಿಂಡರಿಸುವವರೇ ಬಂದು, ಶೆಲ್ಫಿನ ಕಥೆ ಕೇಳಿ, "ಛೆ, ಛೆ, ಎಂಥಾ ಅನ್ಯಾಯ ಕಣ್ರೀ" ಅಂತ ಲೊಚಗುಟ್ಟಿ, "ಇರಲಿ, ನನಗೆ ಹಳೇದೇ ಕೊಡಿ, ಆ ವಾಸನೆ ಇಲ್ದೆ ಸ್ನಾನ ಮಾಡಿದಂಗೇ ಆಗಲ್ಲ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ತಿಂಗಳಿಗೊಂದು ಪೆಟ್ಟಿಗೆ ತಪ್ಪದೆ ಖಾಲಿಯಾಗುತ್ತಿತ್ತು, ಒಬ್ಬರೇ ಕೊಳ್ಳುತ್ತಿದ್ದರು.

"ಯಾರೋ ಆ ಪುಣ್ಯಾತ್ಮ? ನಾನು ನೋಡ್ಬೇಕು" ಅಂತ ಅಮ್ಮ ಹಟ ಹಿಡಿದಳು. ನಾನು ನಾಲ್ಕು ತಿಂಗಳು ತಪ್ಪಿಸಿದೆ. ಐದನೇ ತಿಂಗಳು ಅವರು ಬರುವುದಕ್ಕೂ ಅಮ್ಮ ಸ್ಟೂಲಿನ ಮೇಲೆ ಇರುವುದಕ್ಕೂ ಸರಿಹೋಯಿತು. ನಮ್ಮ ಹಿಂದಿನ ಬೀದಿಯ ಮಟನ್ ಅಂಗಡಿಯ ಸಾಹೇಬರು. ಮೈಮೇಲೆ ಅಂಗಡಿಯಲ್ಲಿ ಉಡುವ ಬಟ್ಟೆಯೇ ಇತ್ತು.

ಅಮ್ಮ ಉಸಿರು ಬಿಗಿ ಹಿಡಿದದ್ದು ನನಗೆ ಕೇಳಿಸಿತು. ಸಾಹೇಬರಿಗೂ ಕೇಳಿಸಿರಬೇಕು. ಒಂದು ಹೆಜ್ಜೆ ಹಿಂದೆ ಸರಿದು, ಮೆಟ್ಟಿಲ ಕೆಳಗೇ ನಿಂತು ಹೇಳಿದರು, "ದಿನಾ ಪೂರಾ ಕೊಬ್ಬಲ್ಲೇ ಕೈ ಇರ್ತದೆ ಅಮ್ಮಾ. ಮನೇಗ್ ಹೋಗಿ ಅದುನ್ನ ತೊಳ್ಯಾಕೂ ಕೊಬ್ಬೇ ಹಚ್ಚಿದ್ರೆ ಹೆಂಗೆ? ಮಕ್ಳು ಹತ್ರ ಬರಾಕಿಲ್ಲ. ಈ ಸೋಪು ಹಾಕುದ್ರೆ ಬರ್ತಾರೆ."

ಅಮ್ಮ, "ಅವರನ್ನ ಕೆಳಗೆ ನಿಲ್ಲಿಸಿದೀಯಲ್ಲ, ಮೇಲೆ ಕರಿಯೋ" ಅಂತ ನನಗೇ ಗದರಿದಳು. ಅವರು ಹೋದ ಮೇಲೆ ನೋಟ್‌ಬುಕ್ ತೆಗೆದು ಬಹಳ ಹೊತ್ತು ಪೆನ್ನು ಹಿಡಿದುಕೊಂಡಿದ್ದಳು. ಸಂಜೆ ಕದ್ದು ನೋಡಿದೆ. 'ಉತ್ತಮ ಗಿರಾಕಿ' ಅಂತ ಬರೆದು, ಕಸುಬಿನ ಜಾಗ ಖಾಲಿ ಬಿಟ್ಟಿದ್ದಳು.

೫. ಇಲಿಗೆ ಊಟ

ಅಂಗಡಿಗೆ ಇಲಿ ಬಿತ್ತು. ಪಾಷಾಣ ಇಡುವ ಹಾಗಿಲ್ಲ, ಅಂಟುಹಲಗೆ ಇಡುವ ಹಾಗಿಲ್ಲ, ಅಮ್ಮನ ಕಟ್ಟಪ್ಪಣೆ. ಇಲಿ ಡ್ರಾಯರಿಗೆ ನುಗ್ಗಿ ಬಿಲ್ಲುಪುಸ್ತಕ ತಿಂದಿತು, ಲೈಸೆನ್ಸು ತಿಂದಿತು, ನನ್ನ ಹೆಂಡತಿಯ ಫೋಟೋ ಅರ್ಧ ತಿಂದಿತು. ತಳದಲ್ಲಿದ್ದ ಎರಡನೇ ಹಾಳೆಯನ್ನು ಮೂಸಿಯೂ ನೋಡಿರಲಿಲ್ಲ. ತಿಂದಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಹರಿದು ಹಾಕಲು ನನಗೇ ಧೈರ್ಯವಿರಲಿಲ್ಲ.

ಶೆಲ್ಫಿಗೆ ಇಲಿಬೋನುಗಳೂ ಬಂದವು, ಚೆನ್ನಾಗಿಯೇ ಹೋದವು. ನಾನೂ ಒಂದು ಇಟ್ಟು, ಸಿಕ್ಕ ಇಲಿಯನ್ನು ಬೆಳಿಗ್ಗೆ ಸ್ಕೂಟರಿಗೆ ಕಟ್ಟಿಕೊಂಡು ಹೂಟಗಳ್ಳಿಯ ಖಾಲಿ ಜಾಗಕ್ಕೆ ಹೋಗಿ ಬಿಟ್ಟುಬರುತ್ತಿದ್ದೆ. ಮೂರನೇ ಸಲ ದಾರಿಯಲ್ಲಿ ಎದುರಿಗೆ ಬಂದ ಸ್ಕೂಟರಿನ ಹಿಂದೆಯೂ ಬೋನು ಕಂಡಿತು. ನಮ್ಮ ಅಂಗಡಿಯದೇ ಬೋನು. ನಿಲ್ಲಿಸಿದೆ.

"ಎಲ್ಲಿಗೆ ಸಾರ್?"

"ಮಂಡಿ ಮೊಹಲ್ಲಾಕ್ಕೆ. ಅಲ್ಲಿ ಸಗಟು ಅಂಗಡಿ ಜಾಸ್ತಿ ನೋಡಿ, ಪಾಪ, ಊಟಕ್ಕೆ ತೊಂದರೆ ಇಲ್ಲ. ನೀವು?"

ನಾನು ನನ್ನ ಬೋನಿನ ಮೇಲೆ ಟವೆಲು ಹೊದಿಸಿ, ಪೂಜೆಗೆ ಹೂವು ತರಲು ಹೊರಟಿದ್ದೇನೆ ಅಂದೆ. ಟವೆಲಿನೊಳಗಿಂದ ಹೂವು ಕಿಚಕಿಚ ಅಂದಿತು.

೬. ಸನ್ಮಾನ

ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು. ಅಮ್ಮನ ಶೆಲ್ಫು ನಾಲ್ಕು ಬೀದಿಗೆ ಹೆಸರಾಗಿತ್ತು. ಒಂದು ಮಹಿಳಾ ಸಮಾಜದವರು ಬಂದು, ಅಮ್ಮನಿಗೆ ಸನ್ಮಾನ ಮಾಡುತ್ತೇವೆ, ಅಹಿಂಸೆಯ ಸಾಮಾನುಗಳ ಬಗ್ಗೆ ನಾಲ್ಕು ಮಾತಾಡಬೇಕು ಅಂದರು.

ಹೊರಡುವಾಗ ನೋಡಿದರೆ ಅಮ್ಮ ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟು ನಿಂತಿದ್ದಾಳೆ.

"ಸೆಖೆ ಅಮ್ಮ, ಹತ್ತಿಯದು ಉಟ್ಕೊ" ಅಂದೆ.

"ನಿಮ್ಮಪ್ಪನೂ ಬರ್ಲಿ ಬುಡು" ಅಂದಳು.

ಅಮ್ಮ ಚೆನ್ನಾಗಿ ಮಾತಾಡಿದಳು. ಕೊಬ್ಬಿನ ವಿಷಯ, ಮೊಲದ ವಿಷಯ, ಸೋಪು ನುಂಗಿದ ಸೇಲ್ಸ್‌ಮನ್ ವಿಷಯ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಆಗ ಕೊನೆಯ ಸಾಲಿನಿಂದ ಒಬ್ಬ ವೃದ್ಧರು ಎದ್ದು ನಿಂತರು. ಕಾರ್ಯದರ್ಶಿಯ ತಂದೆ, ಉಪ್ಪಿಟ್ಟಿಗೆ ಅಂತ ಬಂದವರು.

"ತಪ್ಪು ತಿಳೀಬೇಡಿ ಅಮ್ಮಾವ್ರೆ. ನಾನು ರೇಷ್ಮೆ ನೂಲು ತೆಗೆಯೋ ಕೆಲಸ ಮಾಡಿ ರಿಟೈರಾದೋನು. ಹುಳ ಒಳಗಿರುವಾಗ್ಲೇ ಗೂಡನ್ನ ಕುದಿಯೋ ನೀರಿಗೆ ಹಾಕ್ತಿದ್ವಿ. ಈ ಕೈಯಲ್ಲೇ. ನೀವು ಸೋಪಿಗೆ ಇಷ್ಟು ಹೇಳಿದ್ರಲ್ಲ, ನೀವು ಉಟ್ಟಿರೋದಕ್ಕೆ ಏನು ಹೇಳ್ತೀರಿ ಅಂತ ತಿಳ್ಕೊಳೋಣ ಅನ್ನಿಸ್ತು."

ಮುಂದಿನ ಸಾಲಿನ ಹೆಂಗಸೊಬ್ಬರು ಮೆಲ್ಲಗೆ ವ್ಯಾನಿಟಿ ಬ್ಯಾಗನ್ನು ತಮ್ಮ ಸೀರೆಯ ಜರಿ ಅಂಚಿನ ಮೇಲಿಟ್ಟುಕೊಂಡರು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಅಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಮೈಕಿನಲ್ಲೇ ಕೇಳಿದಳು.

"ಬಟ್ಟೆಯ ವಿಷಯಕ್ಕೆ ಬಂದರೆ ಅಂತ ನಿಂತೋಗಿತ್ತಲ್ಲ ಕಣೋ. ಮುಂದಿನ ಹಾಳೆ ಎಲ್ಲಿಟ್ಟಿದೀಯ?"

"ಡ್ರಾಯರಲ್ಲಿ" ಅಂದೆ.

"ಒಂದೇ ಹಾಳೆಗೆ ಯಾರಾದ್ರೂ ಗುಂಡುಸೂಜಿ ಚುಚ್ತಾರಾ? ಇನ್ನೊಂದ್ಸಲ ಕೇಳಿದ್ರೆ ನೀನು ಹೇಳ್ಬುಡ್ತೀಯ ಅಂತ ನಾನೂ ಕೇಳ್ಲಿಲ್ಲ. ನನ್ನದೂ ಸುಳ್ಳೇ." ಆಮೇಲೆ ಆ ವೃದ್ಧರಿಗೆ ಕೈ ಮುಗಿದಳು. "ನೀವು ಹೇಳಿದ್ದು ಸರಿ. ಇದು ನಮ್ಮೆಜಮಾನ್ರು ತಂದದ್ದು. ನಾಳೆಯಿಂದ ಹತ್ತಿ ಸೀರೆ ಉಟ್ಟೇ ಪೂಜೆಗೆ ಕೂರ್ತೀನಿ. ಇದನ್ನ ಎಸೆಯಲ್ಲ, ಎಸೆದ್ರೆ ಆ ಹುಳ ಬದುಕಲ್ಲ, ಅವರೂ ಬರಲ್ಲ. ಶೆಲ್ಫನ್ನೂ ಕೀಳಲ್ಲ. ಆ ಹಾಳೆ ತಂದು ಅದರ ನೆತ್ತಿಗೆ ಅಂಟ್ಸು ಕಣೋ, ಎಲ್ಲರೂ ಓದ್ಲಿ."

ನನ್ನ ಕಣ್ಣು ಉರಿಯಿತು. ಅವತ್ತು ಸೀಗೆಪುಡಿ ಹಾಕಿರಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಮ್ಮ ಮೈಸೂರಿನಲ್ಲಿ ಸನ್ಮಾನ ಅಂದರೆ ಅದಕ್ಕೊಂದು ಕ್ರಮ ಉಂಟು. ಅಷ್ಟು ಹೊತ್ತಿಗೆ ಅಧ್ಯಕ್ಷರು ಒಳಕೋಣೆಯಿಂದ ತಟ್ಟೆ ಹಿಡಿದು ವೇದಿಕೆ ಹತ್ತಿಬಿಟ್ಟಿದ್ದರು, ಹೊರಗೆ ನಡೆದದ್ದೇನೂ ಅವರಿಗೆ ಗೊತ್ತಿಲ್ಲ. ತಟ್ಟೆಯಲ್ಲಿ ಹಣ್ಣು, ಹಾರ, ಜರಿಯ ಮೈಸೂರು ಪೇಟ, ಪಕ್ಕದಲ್ಲಿ ಮಡಿಸಿಟ್ಟ ದೊಡ್ಡ ರೇಷ್ಮೆ ಶಾಲು. ನಗುನಗುತ್ತಾ ಶಾಲನ್ನು ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದ ಮೇಲೆ, ಸಭೆಯಲ್ಲಿ ಒಬ್ಬರೂ ಉಸಿರಾಡುತ್ತಿಲ್ಲ ಎಂಬುದು ಅವರ ಗಮನಕ್ಕೆ ಬಂತು.

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಬೆರಳು ಚಾಚಿ ನನ್ನನ್ನು ತೋರಿಸಿದಳು.

"ಅವನಿಗೆ ಹೊದಿಸಿ. ನಮ್ಮನೇಲಿ ಏನೇ ಬಂದ್ರೂ ಮೊದಲು ಅವನ ಮೇಲೇ ಹಾಕಿ ನೋಡೋದು."